ಐವತ್ತೆಂಟು ಎಂ.ಎಂ. ದೃಷ್ಟಿ

ಫೆಬ್ರವರಿ 3, ಸೋಮವಾರ. ಸಾಲಿಗ್ರಾಮಂ

ಬೆಳಗಿನಿಂದ ಅದೇ ಕೆಲಸ. ಗೋಡೆಗೆ ನ್ಯೂಸ್‌ಪೇಪರ್ ಅಂಟಿಸುವುದು, ಟೇಪು ಹಿಡಿದು ದೂರ ಅಳೆಯುವುದು, ಲೆನ್ಸ್ ತಿರುಗಿಸುವುದು, ಬೈಯುವುದು. ಈ ಚೀನಾ ಲೆನ್ಸ್ ಸೆಟ್‌ನಲ್ಲಿ ದೂರಕ್ಕೆ ಬರೀ ಮೀಟರ್ ಗುರುತು. ನಾವೆಲ್ಲ ಅಡಿಯಲ್ಲಿ ಯೋಚಿಸುವವರು. 'ಆರಡಿ' ಎಂದು ಕೂಗಿದರೆ ಕೈ ತಾನಾಗಿ ತಿರುಗಬೇಕು. ಅಲ್ಲಿ ನಿಂತು ಭಾಗಾಕಾರ ಮಾಡಲಾಗುತ್ತದೆಯೇ? ಬಿಳಿ ಶಾಯಿಯಲ್ಲಿ ಅಡಿ ಬರೆದುಕೊಳ್ಳೋಣ ಎಂದರೆ ಬಾಡಿಗೆ ಮಾಲು. ಅಂಗಡಿಯವನು ಕೊಂದೇ ಹಾಕುತ್ತಾನೆ.

ಚಿತ್ರವೇನೋ ನೀಟು. ಐದೂ ಲೆನ್ಸ್ ಒಂದೇ ಗಾತ್ರ, ಒಂದೇ ತೂಕ, ಒಂದೇ ಬಣ್ಣ. ಬೈಯಲು ಏನೂ ಸಿಗುತ್ತಿಲ್ಲ, ಅದಕ್ಕೇ ಸಿಟ್ಟು. ಆಸ್ಪತ್ರೆಯ ಟ್ಯೂಬ್‌ಲೈಟಿನಲ್ಲಿ ಮುಖ ನೋಡಿಕೊಂಡ ಹಾಗೆ.

ಮಧ್ಯಾಹ್ನ ಪಾರಿಯ ಫೋನು. ಡೈರೆಕ್ಟರ್ ಆದ ಮೇಲೆ ಅವನ ದನಿಯೇ ಬೇರೆ.

"ಇಸಕ್ಕಿ, ಲೆನ್ಸ್‌ಗೆ ಆತ್ಮ ಇರ್ಬೇಕು ಕಣೇ."

"ಅಣ್ಣಾಚ್ಚಿ ಕೊಡೋ ಬಾಡಿಗೆಗೆ ಗಾಜು ಸಿಗೋದೇ ಹೆಚ್ಚು. ಆತ್ಮಕ್ಕೆ ಬೇರೆ ಕೇಳ್ಕೊ."

ಫೋನ್ ಇಟ್ಟುಬಿಟ್ಟ. ಹನ್ನೊಂದು ವರ್ಷ ಇನ್ನೊಬ್ಬರ ಕ್ಯಾಮೆರಾ ಹೊತ್ತೆ. ಈಗ ನನ್ನ ಹೆಸರಿನಲ್ಲಿ ಮೊದಲ ಸಿನಿಮಾ. ದುಡ್ಡು ಹಾಕುವವರು ತೂತ್ತುಕ್ಕುಡಿಯ ದಿನಸಿ ಅಂಗಡಿಗಳ ಅಣ್ಣಾಚ್ಚಿ, ಅಂದರೆ ಊರಿಗೆಲ್ಲ ದೊಡ್ಡಣ್ಣ, ಸುಯಂಬುಲಿಂಗಂ. ಕಥೆ ಉಪ್ಪಿನಾಗರದಲ್ಲಿ, ಸಮುದ್ರದ ನೀರು ಒಣಗಿಸಿ ಉಪ್ಪು ತೆಗೆಯುವ ಬಯಲಿನಲ್ಲಿ, ಕೂಲಿ ಮಾಡುವ ಹುಡುಗಿಯದು. ಅಲ್ಲೇ ಹೋಗಿ ಟೆಸ್ಟ್ ಶೂಟ್ ಮಾಡಿ ತೋರಿಸಬೇಕಂತೆ. ಒಪ್ಪಿಗೆಯಾದರೆ ಸರಿ. ಇಲ್ಲದಿದ್ದರೆ ಅವರ ಅಕ್ಕನ ಮಗ ಸಂದನರಾಜ್ ಕ್ಯಾಮೆರಾ ಮಾಡುತ್ತಾನೆ. ಮದುವೆ ವಿಡಿಯೋದವನು. ಅವನ ಹತ್ತಿರ ಸ್ವಂತ ಲೆನ್ಸ್ ಇವೆ, ಬಾಡಿಗೆ ಉಳಿಯುತ್ತದೆ. ಅಣ್ಣಾಚ್ಚಿ ಇದನ್ನು ನಗುನಗುತ್ತಲೇ ಹೇಳಿದರು. ಬೇಳೆ ತೂಗುವಾಗಲೂ ಹೀಗೇ ನಗುತ್ತಾರೇನೋ.

ಫೆಬ್ರವರಿ 5, ಬುಧವಾರ

ಪುದುಪೇಟೆಗೆ ಹೋಗಿದ್ದೆ, ಗಫೂರ್ ಭಾಯ್ ಹತ್ತಿರ. ಸುತ್ತ ಗಾಡಿ ಬಿಚ್ಚಿ ಮಾರುವ ಅಂಗಡಿಗಳು, ನಡುವೆ ಇವರ ಲೇತ್ ಮಷೀನು. ಹಳೆಯ ಸೋವಿಯತ್ ಫೋಟೋ ಲೆನ್ಸ್‌ಗಳಿಗೆ ಹೊಸ ಲೋಹದ ಮೈ ತೊಡಿಸಿ, ಫೋಕಸ್ ತಿರುಗಿಸಲು ಹಲ್ಲಿನ ಬಳೆ ಹಾಕಿ, ಸಿನಿಮಾ ಲೆನ್ಸ್ ಮಾಡಿ ಬಾಡಿಗೆಗೆ ಬಿಡುತ್ತಾರೆ. ಚೀನಾ ಸೆಟ್‌ಗಿಂತ ಅಗ್ಗ.

ಆದರೆ ಏನು ಹೇಳಲಿ. ಒಂದರ ಬಾಯಿ ದೊಡ್ಡದು, ಒಂದರದು ಸಣ್ಣದು. ಮೂವತ್ತೇಳು ಎಂ.ಎಂ.ನದು ಹಸಿರು ಛಾಯೆ, ಎಂಬತ್ತೈದರದು ಕಾಮಾಲೆ. ಐವತ್ತೆಂಟು ಮಾತ್ರ ಚೆಂದ, ಗಾಜಿನಲ್ಲಿ ಜೇನಿನ ಬಣ್ಣ. ಫೋಕಸ್ ಬಳೆ ಬೇರೆ ಉಲ್ಟಾ ತಿರುಗುತ್ತದೆ. ಲೋಕವೆಲ್ಲ ಬಲಕ್ಕೆ ತಿರುಗಿಸಿದರೆ ಇವು ಎಡಕ್ಕೆ.

"ಭಾಯ್, ಒಂದಕ್ಕೊಂದು ಸಂಬಂಧಾನೇ ಇಲ್ವಲ್ಲ?"

"ಅಕ್ಕಾ, ಒಂದೇ ತಾಯಿ ಮಕ್ಕಳೇ ಒಂದೇ ಥರ ಇರಲ್ಲ. ಇವು ಬೇರೆ ಬೇರೆ ಊರಿನ ಕಾರ್ಖಾನೇವು."

ಹೆತ್ತವರಿಗೆ ಹೆಗ್ಗಣ ಮುದ್ದು. ಎರಡೂ ಸೆಟ್ ತೆಗೆದುಕೊಂಡು ಹೋಗುತ್ತೇನೆ. ಬಿಸಿಲಿಗೆ ಹಿಡಿದು ನೋಡಿದರಾಯಿತು. ಬಿಳಿ ನೆಲದಿಂದ ಮೇಲಕ್ಕೆ ಎದ್ದು ಬರುವ ಬೆಳಕು ಯಾವ ಗಾಜಿನ ಮಾನ ಉಳಿಸುತ್ತದೋ.

ಫೆಬ್ರವರಿ 8, ಶನಿವಾರ. ತೂತ್ತುಕ್ಕುಡಿ

ಬಸ್ಸಿನಲ್ಲಿ ರಾತ್ರಿಯಿಡೀ ಲೆನ್ಸ್ ಪೆಟ್ಟಿಗೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬಂದೆ. ಪಕ್ಕದ ಸೀಟಿನ ಹೆಂಗಸು ಕೇಕಾ ಎಂದು ಕೇಳಿದಳು.

ಹೋಟೆಲ್ ಇಲ್ಲ. ಅಣ್ಣಾಚ್ಚಿ ಮನೆಯಲ್ಲೇ ವಾಸ. ಪಾರಿಗೆ ಮಹಡಿ, ನನಗೆ ಅಣ್ಣಾಚ್ಚಿಯ ತಾಯಿಯ ಕೋಣೆ. ಆಕೆಯನ್ನು ಮನೆಯವರು, ಕೆಲಸದವರು, ಹಾಲಿನವನು, ಎಲ್ಲರೂ ಆಚ್ಚಿ ಎನ್ನುತ್ತಾರೆ, ಅಜ್ಜಿ ಎಂದು. ಎಂಬತ್ತರ ಮೇಲಾಗಿದೆ. ನಮ್ಮ ಅಜ್ಜಿಯ ಹಾಗೆ ಕಿವಿ ಜೋತುಬಿದ್ದಿದೆ, ಗೊರಕೆ ಮಾತ್ರ ಅಜ್ಜನದು.

ಪೆಟ್ಟಿಗೆ ಇಳಿಸುತ್ತಿದ್ದ ಹಾಗೇ ಅಣ್ಣಾಚ್ಚಿ ಶುರು ಮಾಡಿದರು.

"ಹೊಸ ಸಾಮಾನು ದೇವರ ಮುಂದೆ ಒಂದು ರಾತ್ರಿ ಇರ್ಬೇಕಮ್ಮ. ಕರ್ಪೂರ ತೋರ್ಸಿ ಆಮೇಲೆ ನೀನು ಮುಟ್ಟು."

"ಅಣ್ಣಾಚ್ಚಿ, ಹೊಸದಲ್ಲ, ಬಾಡಿಗೇದು. ಕರ್ಪೂರದ ಹೊಗೆ ಗಾಜಿಗೆ ಕೂತ್ರೆ ಕೆಲಸ ಕೆಡುತ್ತೆ."

"ಬಾಡಿಗೆ ಎತ್ತಾದ್ರೂ ಮನೆಗೆ ಬಂದ್ರೆ ಅರಿಶಿನ ಹಚ್ತೀವಿ."

ಅರ್ಧ ಗಂಟೆ ಈ ವಾದ. ಕೊನೆಗೆ ರಾಜಿ. ಪೆಟ್ಟಿಗೆ ಮುಚ್ಚಿರಬೇಕು, ಹೊಗೆ ಇಲ್ಲ, ಹೂವು ಮಾತ್ರ. ದೇವರಕೋಣೆಯ ಬಾಗಿಲಲ್ಲಿ ಕೂತಿದ್ದ ಆಚ್ಚಿ ಒಳಗೇನಿದೆ ಎಂದರು. ಕ್ಯಾಮೆರಾದ ಕಣ್ಣುಗಳು ಎಂದು ಬಿಚ್ಚಿ ತೋರಿಸಿದೆ. ಮೂಗು ತಾಗುವಷ್ಟು ಬಗ್ಗಿ ಒಂದೊಂದನ್ನೇ ನೋಡಿದರು. ಐವತ್ತೆಂಟರ ಹತ್ತಿರ ನಿಂತರು.

"ಇದು ಹಸುಗೂಸಿನ ಕಣ್ಣು ಕಣೇ. ಇದರ ಮೇಲೆ ಎಲ್ಲರ ಕಣ್ಣೂ ಬೀಳುತ್ತೆ."

ಬಾಯಿಗೆ ಸಕ್ಕರೆ ಹಾಕಬೇಕು. ಎಲ್ಲರ ಕಣ್ಣು ಬೀಳಲಿ ಎಂದೇ ಅಲ್ಲವೇ ನಾನು ಬಂದಿರುವುದು.

ಫೆಬ್ರವರಿ 9, ಭಾನುವಾರ

ಸಂದನರಾಜ್ ನನಗೆ ಅಸಿಸ್ಟೆಂಟ್. ಕೇಳಿದವರು ಯಾರು? ಅಣ್ಣಾಚ್ಚಿ ಕಳಿಸಿದರು. "ಕಲ್ತುಕೊಳ್ಳಲಿ" ಎಂದು. ನನ್ನ ಕುರ್ಚಿಯ ಅಳತೆ ತೆಗೆದುಕೊಂಡು ಬರಲಿ ಎಂದು, ಇನ್ನೇನು.

ಬೆಳಿಗ್ಗೆ ಹೊರಡಬೇಕಾದ ಜೀಪು ಇಡೀ ದಿನ ಅಂಗಡಿಯ ಸಕ್ಕರೆ ಮೂಟೆ ಹೊತ್ತು ತಿರುಗಿತು. ಉಪ್ಪಿನಾಗರ ಸೇರಿದಾಗ ಇಳಿಹೊತ್ತು. ಚೀನಾ ಸೆಟ್ ಮೊದಲು ಮುಗಿಸಿದೆ. ನೀಟಾಗಿ ಬಂತು. ಆಮೇಲೆ ಗಫೂರ್ ಭಾಯ್ ಸೆಟ್. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾನು ಮುಂದೆ ಎಂದರೆ ಸಂದನರಾಜ್ ಬಳೆಯನ್ನು ಹಿಂದೆ ತಿರುಗಿಸುತ್ತಾನೆ. ನಾಯಕಿ ಹುಡುಗಿ ಹತ್ತಿರ ಬಂದ ಹಾಗೆಲ್ಲ ಮಸುಕು.

"ಉಲ್ಟಾ ಕಣೋ! ಇದು ಎಡಕ್ಕೆ!"

"ಅಕ್ಕಾ, ನಂದು ತರ್ಲಾ? ನಂದು ಬಲಕ್ಕೇ ತಿರುಗುತ್ತೆ."

ಇವತ್ತು ಹತ್ತು ಸಲವಾದರೂ ಕೇಳಿದ. ನಂದು ತರ್ಲಾ, ನಂದು ತರ್ಲಾ. ಐಸ್‌ಕ್ರೀಮ್ ಗಾಡಿಯವನ ಹಾಗೆ.

ಸೂರ್ಯ ಒಂದು ಗೇಣಿತ್ತು. ಐವತ್ತೆಂಟು ಉಳಿದಿತ್ತು. ಒರೆಸುವ ಬಟ್ಟೆ ಎಲ್ಲಿ ಎಂದು ಚೀಲ ತಡಕುತ್ತಿದ್ದೆ. ಪಾರಿ ಕಿರುಚಿದ, "ಬೆಳಕು ಹೋಗ್ತಿದೆ ಕಣೇ, ಮೊದ್ಲು ಹೊಡಿ!" ಹೊಡೆದೆ.

ಅಬ್ಬಾ. ಏನು ಬರೆಯಲಿ. ಉಪ್ಪಿನ ಒಂದೊಂದು ಹರಳೂ ಮಾನಿಟರಿನಲ್ಲಿ ಎದ್ದು ನಿಂತಿತು. ನೆಟ್ಟಗೆ, ಸಣ್ಣದಾಗಿ, ದೀಪದ ಕುಡಿಯ ಹಾಗೆ. ಬಯಲು ತುಂಬ ದೀಪ. ನಡುವೆ ಹುಡುಗಿ ಬುಟ್ಟಿ ಹೊತ್ತು ನಡೆದು ಬಂದಳು. ಪಾರಿ ಕಟ್ ಹೇಳುವುದನ್ನೇ ಮರೆತ. ಸಂದನರಾಜ್ ಕೂಡ ಮಾನಿಟರಿಗೆ ಬಗ್ಗಿದ.

ಹನ್ನೊಂದು ವರ್ಷದಲ್ಲಿ ಇಂಥದ್ದೊಂದು ಫ್ರೇಮು ನನ್ನ ಕೈಯಿಂದ ಬಂದಿರಲಿಲ್ಲ. ಸಂತೋಷವಾಗಿದೆ. ಸುಮ್ಮನೆ ಸಂತೋಷವಾಗಿದೆ.

ಫೆಬ್ರವರಿ 10

ನಡುಮನೆಯ ದೊಡ್ಡ ಟಿ.ವಿ.ಯಲ್ಲಿ ಹಾಕಿ ತೋರಿಸಿದೆವು. ಮೊದಲು ಚೀನಾ ಸೆಟ್. ಅಣ್ಣಾಚ್ಚಿ ತೊಡೆ ತಟ್ಟಿದರು. "ಇದು ನೋಡು ಕ್ಲಿಯರ್! ಹಪ್ಪಳದ ಪಾಕೀಟ್ ಮೇಲಿನ ಫೋಟೋ ಥರ ಇದೆ."

ಆಮೇಲೆ ಐವತ್ತೆಂಟು.

"ಏನಮ್ಮ ಇದು? ಎಲ್ಲಾ ಮಂಜು ಮಂಜು. ಉಪ್ಪಿಗೆ ಬೆಂಕಿ ಹತ್ತಿದ ಹಾಗಿದೆ."

"ಮಾಮಾ, ನಂದ್ರಲ್ಲಿ ಹೊಡೆದ್ರೆ ಹರಳು ಹರಳು ಎಣಿಸ್ಬಹುದು" ಎಂದ ಸಂದನರಾಜ್.

ನಾನು ಭಾಷಣ ಬಿಗಿದೆ. ಹಳೆಯ ಗಾಜು, ತೆಳು ಲೇಪ, ಒಳಗೆ ಬೆಳಕು ಅಲೆಯುವ ರೀತಿ, ಲೆನ್ಸಿನ ಸ್ವಭಾವ, ಹೊಸ ಲೆನ್ಸ್‌ಗೆ ಅದು ಯಾಕೆ ಬರುವುದಿಲ್ಲ... ಪಾರಿ ನಡುನಡುವೆ ಆತ್ಮ, ಆತ್ಮ ಎನ್ನುತ್ತಿದ್ದ. ಅಣ್ಣಾಚ್ಚಿ ಆಕಳಿಸಿದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಮೂಲೆಯಲ್ಲಿ ತೂಕಡಿಸುತ್ತಿದ್ದ ಆಚ್ಚಿ ಎದ್ದು ಬಂದರು. ಟಿ.ವಿ.ಗೆ ಮೂಗು ತಾಗಿಸಿ ನಿಂತರು.

"ಸುಯಂಬು, ಇದೇ ಕಣೋ ಉಪ್ಪು. ಹೀಗೇ ಕಾಣೋದು."

"ಅಮ್ಮಾ, ಇದು ಮಸುಕು..."

"ನಂಗೆ ಹೇಳ್ತೀಯಾ? ಏಳು ವರ್ಷದೋಳಿದ್ದಾಗಿಂದ ಅಲ್ಲಿ ಕಾಲು ಸುಟ್ಕೊಂಡಿದೀನಿ. ನೀನು ಉಪ್ಪು ನೋಡಿರೋದು ಪಾಕೀಟಲ್ಲಿ."

ಅಣ್ಣಾಚ್ಚಿ ಲೋಕಕ್ಕೆಲ್ಲ ಎದುರು ಮಾತಾಡುತ್ತಾರೆ, ತಾಯಿಗೆ ಇಲ್ಲ. "ಸರಿ, ಅದೇ ಇರ್ಲಿ. ಆದ್ರೆ ಕೇಳ್ಕೊ ಕ್ಯಾಮೆರಾಮ್ಯಾನಮ್ಮ, ಸಿನಿಮಾ ಪೂರ್ತಿ ಇದೇ ಥರ ಬರ್ಬೇಕು. ಅಮ್ಮ ಒಪ್ಪಿದ ಥರ. ಇಲ್ಲಾಂದ್ರೆ ಸಂದನರಾಜ್ ಇದಾನೆ."

ಗೆದ್ದೆ. ಆಚ್ಚಿಯ ಕಾಲಿಗೆ ಬಿದ್ದೆ. "ಏಳೇ, ತಾಳೆಬೆಲ್ಲದ ಕಾಫಿ ಕುಡಿ" ಎಂದರು.

ಫೆಬ್ರವರಿ 24. ಸಾಲಿಗ್ರಾಮಂ

ಲೆನ್ಸ್‌ಗಳು ಗಫೂರ್ ಭಾಯ್ ಹತ್ತಿರವೇ ಇವೆ. ಬಳೆ ಬಿಗಿ ಮಾಡಿ, ಸರ್ವಿಸ್ ಮಾಡಿ ಶೂಟಿಂಗ್‌ಗೆ ನೇರ ಕಳಿಸುತ್ತಾರೆ. ಟೆಸ್ಟ್ ನೋಡಿದ ಗೆಳೆಯರೆಲ್ಲ ಫೋನು. ಯಾವ ಲೆನ್ಸ್, ಯಾವ ಲೆನ್ಸ್? ಹೇಳಿದೆ. ಹೇಳಬಾರದಿತ್ತು. ಈಗ ಮೂವರು ಐವತ್ತೆಂಟು ಹುಡುಕಿಕೊಂಡು ಪುದುಪೇಟೆಗೆ ಹೋಗಿದ್ದಾರೆ, ಭಾಯ್ ಬಾಡಿಗೆ ಏರಿಸಿದ್ದಾರೆ.

ಒಬ್ಬ ನನ್ನನ್ನು ಕರೆದು ಕೇಳಿದ, ಫಿಲ್ಮ್ ಇನ್ಸ್ಟಿಟ್ಯೂಟಿನಲ್ಲಿ ಹಳೆ ಲೆನ್ಸ್‌ಗಳ ಬಗ್ಗೆ ಒಂದು ಕ್ಲಾಸ್ ತೆಗೆದುಕೊಳ್ಳುತ್ತೀರಾ ಎಂದು. ನೋಡೋಣ ಎಂದು ಸ್ವಲ್ಪ ಬಿಗಿಯಾಗಿಯೇ ಹೇಳಿದೆ.

ಮಾರ್ಚ್ 5, ಬುಧವಾರ. ತೂತ್ತುಕ್ಕುಡಿ, ಉಪ್ಪಿನಾಗರ

ದೀಪ ಇಲ್ಲ.

ನಾಳೆ ಮುಹೂರ್ತ. ಇವತ್ತು ಸುಮ್ಮನೆ ಒಂದು ಸಲ ನೋಡೋಣ ಎಂದು ಐವತ್ತೆಂಟು ಹಾಕಿದೆ. ಅದೇ ಜಾಗ, ಅದೇ ಇಳಿಹೊತ್ತು, ಅದೇ ಹುಡುಗಿ. ಒಂದು ಕುಡಿಯೂ ಏಳಲಿಲ್ಲ. ಉಪ್ಪು ಉಪ್ಪಾಗಿ ಬಿದ್ದಿದೆ. ಪಾಕೀಟಿನ ಉಪ್ಪು.

ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ ತೆರೆದು ನೋಡಿದೆ. ಮುಚ್ಚಿ ನೋಡಿದೆ. ಸೂರ್ಯನಿಗೆ ಎದುರು ನಿಂತೆ, ಬಗ್ಗಿದೆ, ಮಲಗಿದೆ. ಮೊಣಕೈಯೆಲ್ಲ ಉಪ್ಪು ಕಚ್ಚಿ ಉರಿ. ಪಾರಿ ತಲೆಯ ಮೇಲೆ ನಿಂತಿದ್ದಾನೆ.

"ಏನ್ ಮಾಡ್ದೆ ಇಸಕ್ಕಿ?"

"ಏನೂ ಮಾಡಿಲ್ಲ."

"ಏನೂ ಮಾಡ್ದೆ ಆತ್ಮ ಹೋಗುತ್ತಾ?"

ಸಂದನರಾಜ್ ಮೆತ್ತಗೆ, "ಅಕ್ಕಾ, ನಂದು..." ನಾನು ತಿರುಗಿ ನೋಡಿದ ರೀತಿಗೆ ಮುಂದಿನದು ನುಂಗಿಕೊಂಡ.

ಗಫೂರ್ ಭಾಯ್‌ಗೆ ಫೋನು. ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನ ಲೆನ್ಸನ್ನು ಬೇರೆಯವರಿಗೆ ಕೊಟ್ಟು ನನಗೆ ಇನ್ನೊಂದು ಕಟ್ಟಿದ್ದೀರಿ, ಬಾಡಿಗೆ ಏರಿದ ಕೂಡಲೇ ಬುದ್ಧಿ ತೋರಿಸಿದಿರಿ, ಇನ್ನೂ ಏನೇನೋ. ಅವರು ಪೂರ್ತಿ ಕೇಳಿಸಿಕೊಂಡರು.

"ಅಕ್ಕಾ, ನಂಬರ್ ನೋಡಿ. ಅದೇ ಲೆನ್ಸು. ನಾನು ಚಿಕ್ಕವಯಸ್ಸಿಂದ ಗ್ರೀಸಲ್ಲೇ ಬೆಳೆದಿದೀನಿ, ಆದ್ರೂ ಅಂಥ ಜಿಡ್ಡು ಲೆನ್ಸ್ ಮೇಲೆ ನೋಡಿರ್ಲಿಲ್ಲ. ಮುಂದಿನ ಗಾಜಿಗೆ ಎಣ್ಣೆ ಮೆತ್ತಿತ್ತು. ಒರೆಸಿ ಕಳಿಸ್ದೆ. ಅಡುಗೆಮನೇಲಿ ಇಟ್ಟಿದ್ರಾ?"

ಫೋನು ಕುಕ್ಕಿದೆ. ನನಗೆ ಹೇಳುತ್ತಾನೆ! ಹನ್ನೊಂದು ವರ್ಷ ನಾನು ಪ್ರತಿ ಹುಡುಗನಿಗೂ ಹೇಳಿದ ಮೊದಲ ಪಾಠ ಒಂದೇ, ಗಾಜಿನೊಳಗಿಂದ ನೋಡುವ ಮೊದಲು ಗಾಜನ್ನು ನೋಡು.

ಆಮೇಲೆ ನಂಬರ್ ನೋಡಿದೆ. ಅದೇ ನಂಬರು. ಜೀಪಿನ ಹಿಂದೆ ಹೋಗಿ ಕೂತೆ. ಒರೆಸುವ ಬಟ್ಟೆ ಹುಡುಕುತ್ತಿದ್ದದ್ದು ಜ್ಞಾಪಕಕ್ಕೆ ಬಂತು. ಪಾರಿ ಕಿರುಚಿದ್ದೂ.

ಅದೇ ದಿನ, ಸಂಜೆ

ಬರೆಯದಿದ್ದರೆ ತಲೆ ಒಡೆಯುತ್ತದೆ.

ಮನೆಗೆ ಬಂದು ಜಗಲಿಯಲ್ಲಿ ಪೆಟ್ಟಿಗೆ ಬಿಚ್ಚಿ ಕೂತಿದ್ದೆ. ಎಣ್ಣೆ ಎಲ್ಲಿಂದ? ಜೀಪಿನದೇ? ಸಂದನರಾಜನ ಪರೋಟದ ಕೈಯೇ? ಆಚ್ಚಿ ಬಂದು ಪಕ್ಕ ಕೂತರು. ಐವತ್ತೆಂಟನ್ನು ಕೈಗೆತ್ತಿಕೊಂಡು ಮೂಗಿನ ಹತ್ತಿರ ಹಿಡಿದರು. ಮುಖ ಗಂಟಾಯಿತು.

"ಯಾರೇ ನಾನಿಟ್ಟ ಬೊಟ್ಟು ಅಳಿಸಿದ್ದು?"

"ಯಾವ ಬೊಟ್ಟು ಆಚ್ಚಿ?"

"ದೃಷ್ಟಿ ಬೊಟ್ಟು. ಅವತ್ತು ದೇವರಕೋಣೇಲಿ ಇಟ್ಟಿದ್ನಲ್ಲ. ಅಷ್ಟು ಚೆಂದದ ಕಣ್ಣು, ಬರೀ ಹಣೇಲಿ ಕಳಿಸ್ಲಾ?"

ಅವರೇ ಹೇಳಿದರು. ಮನೆಯ ಕಾಡಿಗೆ. ಹರಳೆಣ್ಣೆ ದೀಪದ ಮಸಿ, ಮತ್ತೆ ಹರಳೆಣ್ಣೆಯಲ್ಲೇ ಕಲೆಸಿದ್ದು. ಗಾಜಿನ ನಟ್ಟನಡುವೆ ಹೆಬ್ಬೆರಳಲ್ಲಿ ಇಟ್ಟರಂತೆ. ಆಮೇಲೆ, ಪಾಪ ಹುಡುಗಿಯ ಕೆಲಸಕ್ಕೆ ಅಡ್ಡ ಬಂದೀತು ಎಂದು ಸೆರಗಿನಲ್ಲಿ ಒರೆಸಿದರಂತೆ.

"ಕಪ್ಪು ಕಾಣ್ದೆ ಇದ್ರೂ ಪಸೆ ಇರುತ್ತಲ್ಲ. ದೃಷ್ಟಿಗೆ ಅಷ್ಟು ಸಾಕು."

"ಹೇಗೆ ಒರೆಸಿದ್ರಿ ಆಚ್ಚಿ? ಉದ್ದಕ್ಕಾ, ಅಡ್ಡಕ್ಕಾ?"

"ಅದೂ ಒಂದು ಪ್ರಶ್ನೆನಾ? ಮಗು ಮುಖ ಹೇಗೆ ಒರೆಸ್ತಾರೆ? ಅಡ್ಡಕ್ಕೆ."

ಅಡ್ಡಕ್ಕೆ ಎಣ್ಣೆ ಎಳೆದರೆ ಬೆಳಕು ಉದ್ದಕ್ಕೆ ನಿಲ್ಲುತ್ತದೆ. ನಿಂತಿತ್ತು. ಅಷ್ಟೇ. ಇದೇ ಆತ್ಮ. ಹಳೆಯ ಗಾಜೂ ಇಲ್ಲ, ತೆಳು ಲೇಪವೂ ಇಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆ. ವಾರವಿಡೀ ಲೆನ್ಸ್ ಆರಿಸಿದೆ ಎಂದುಕೊಂಡಿದ್ದೆ, ಆರಿಸಿದ್ದು ಹರಳೆಣ್ಣೆ. ಅದರ ಮೇಲೆ ಕ್ಲಾಸ್ ಬೇರೆ ತೆಗೆದುಕೊಳ್ಳುವವಳಿದ್ದೆ! ಚೀನಾ ಸೆಟ್‌ಗೆ ಬಳಿದಿದ್ದರೆ ಅಲ್ಲೂ ದೀಪ ಹತ್ತುತ್ತಿತ್ತು, ಫೋಕಸ್ ಕೂಡ ನೆಟ್ಟಗೆ ತಿರುಗುತ್ತಿತ್ತು.

ಗಫೂರ್ ಭಾಯ್‌ಗೆ ಫೋನ್ ಮಾಡಿ ತಪ್ಪಾಯಿತು ಎಂದೆ. "ಬಿಡಿ ಅಕ್ಕಾ, ಎಲ್ಲಾ ಕ್ಯಾಮೆರಾದವರೂ ಹಾಗೇ ಬೈತಾರೆ" ಎಂದರು. ಸಮಾಧಾನವಾಗಲಿಲ್ಲ.

ಪಾರಿಗೆ ಹೇಳಲೇ? ಹೇಳಿದರೆ ಅವನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅಣ್ಣಾಚ್ಚಿಗೆ ತಲುಪುತ್ತದೆ. ಗಾಜು ಒರೆಸಲು ಬಾರದವಳಿಗೆ ಸಿನಿಮಾ ಯಾಕೆ ಎನ್ನುತ್ತಾರೆ. ಅದು ತಪ್ಪು ಎಂದು ನಾನು ವಾದಿಸಲೂ ಆಗುವುದಿಲ್ಲ.

ಮಾರ್ಚ್ 6, ಗುರುವಾರ

ಲೆನ್ಸ್ ಮುಂದೆ ಒಂದು ಸಾದಾ ಗಾಜಿನ ಫಿಲ್ಟರ್ ಸಿಕ್ಕಿಸಿದೆ. ಬೊಟ್ಟು ಅದರ ಮೇಲೆ. ಹಾಗಾದರೆ ಯಾವ ಲೆನ್ಸ್‌ಗೆ ಬೇಕಾದರೂ ಹಾಕಬಹುದು, ಭಾಯ್ ಮಾಲೂ ಉಳಿಯುತ್ತದೆ. ಇಷ್ಟು ಬುದ್ಧಿ ಉಳಿದಿದೆ.

ಕಾಡಿಗೆ ಡಬ್ಬಿ ಕೊಡಿ ಎಂದರೆ ಆಚ್ಚಿ ಕೊಡಲಿಲ್ಲ.

"ನೀನಿಟ್ರೆ ಅದು ಕೊಳೆ. ನಾನಿಟ್ರೆ ಬೊಟ್ಟು. ಬರ್ತೀನಿ ನಡಿ."

ಬಂದರು. ಕೊಡೆ, ಸ್ಟೂಲು, ವೀಳ್ಯದೆಲೆ ಚೀಲ ಸಮೇತ. ಕ್ಯಾಮೆರಾ ಪೂಜೆ, ನಿಂಬೆಹಣ್ಣು, ಬೂದುಗುಂಬಳ, ಎಲ್ಲ ಆಯಿತು. ಕೊನೆಯಲ್ಲಿ ಆಚ್ಚಿ ಎದ್ದು ಫಿಲ್ಟರ್ ತಡವಿದರು. "ಮಗೂಗೆ ಕನ್ನಡಕ ಬೇರೆ ಹಾಕಿದ್ಯಾ?" ಎಂದು ನಡುವೆ ಹೆಬ್ಬೆರಳು ಒತ್ತಿದರು. ಸೆರಗಿನಲ್ಲಿ ಅಡ್ಡಕ್ಕೆ ಎಳೆದರು.

ಯಾರಾದರೂ ಏನು ಇದು ಎಂದು ಕೇಳಿದರೆ? ಯಾರೂ ಕೇಳಲಿಲ್ಲ. ನಾನು ಲೆನ್ಸ್‌ಗೆ ಎಣ್ಣೆ ಹಚ್ಚಿದ್ದರೆ ಯೂನಿಯನ್‌ವರೆಗೂ ಹೋಗುತ್ತಿತ್ತು. ಪೂಜೆ ಎಂದರೆ ನಮ್ಮ ಸಿನಿಮಾದವರು ಯಾರೂ ಪ್ರಶ್ನೆ ಕೇಳುವುದಿಲ್ಲ. ಲೈಟಿನವರು ಕೈ ಮುಗಿದರು. ಒಬ್ಬ ತನ್ನ ಲೈಟಿಗೂ ಒಂದು ಬೊಟ್ಟು ಇಡಿ ಆಚ್ಚಿ ಎಂದ.

ದೀಪ ಹತ್ತಿತು. ಬಯಲು ತುಂಬ.

ಪಾರಿ ನನ್ನನ್ನು ತಬ್ಬಿಕೊಂಡು, "ನೋಡ್ದಾ, ಲೆನ್ಸ್‌ಗೂ ಮೂಡ್ ಇರುತ್ತೆ" ಎಂದ. ಹೊಡೆಯಬೇಕೆನಿಸಿತು.

ಮಾರ್ಚ್ 10

ದಿನಾ ಇದೇ. ಬೆಳಗಿನ ಬೊಟ್ಟು, ಊಟದ ನಂತರ ಮತ್ತೊಂದು. ಗಾಳಿಗೆ ಉಪ್ಪು ಪುಡಿ ಹಾರಿ ಎಣ್ಣೆಗೆ ಮೆತ್ತುತ್ತದೆ, ತೊಳೆದು ಮತ್ತೆ ಆಚ್ಚಿಯನ್ನು ಎಬ್ಬಿಸಬೇಕು. "ಕ್ಯಾಮೆರಾ ರೆಡಿನಾ?" ಎಂದರೆ "ಆಚ್ಚಿ ಬಂದಿಲ್ಲ" ಎಂದು ಕೂಗುತ್ತಾರೆ. ಸಂದನರಾಜ್ ಈಗ ಕೊಡೆ ಹಿಡಿಯುತ್ತಾನೆ. ಬಳೆ ಇನ್ನೂ ಉಲ್ಟಾ ತಿರುಗಿಸುತ್ತಾನೆ.

ಇವತ್ತು ಅಣ್ಣಾಚ್ಚಿ ಸೆಟ್‌ಗೆ ಬಂದು ಮಾನಿಟರ್ ನೋಡುತ್ತ ಬಹಳ ಹೊತ್ತು ನಿಂತರು. ಆಮೇಲೆ ತಾಯಿಯ ಕಡೆ ತಿರುಗಿದರು.

"ಅಮ್ಮಾ, ಉಪ್ಪು ಮಾತ್ರಾನಾ, ಎಲ್ಲಾ ಹೀಗೇ ಕಾಣುತ್ತಾ ನಿಂಗೆ?"

"ಎಲ್ಲಾ."

"ಬೀದಿ ಲೈಟು?"

"ಅದಕ್ಕೂ ಕುಡಿ ಇರುತ್ತೆ."

"ನನ್ನ ಮುಖ?"

"ನಿನ್ನ ಮುಖ ದನಿ ಕೇಳಿದ್ಮೇಲೆ ಕಾಣುತ್ತೆ."

ಅಣ್ಣಾಚ್ಚಿ ಕೊಡೆಯ ನೆರಳಿನಲ್ಲಿ ತಾಯಿಯ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಒಂದೇ ಮನೆಯಲ್ಲಿದ್ದು ತಿಳಿಯಲಿಲ್ಲವಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಗಳಿಗೆಯಲ್ಲಿ ಕರಗಿತು. ಅಲ್ಲಿಂದಲೇ ಮಧುರೆಯ ಕಣ್ಣಾಸ್ಪತ್ರೆಗೆ ಫೋನ್ ಹಾಕಿದರು. ಪೊರೆ ಬಲಿತಿರಬೇಕಂತೆ, ಎರಡು ಕಣ್ಣಿಗೂ. ಉಪ್ಪಿನ ಬಿಳುಪು ನೋಡಿ ನೋಡಿ ಅಲ್ಲಿ ದುಡಿದವರಿಗೆಲ್ಲ ಹೀಗೇ.

ಒಳ್ಳೆಯದಾಯಿತು. ನಿಜವಾಗಿ ಒಳ್ಳೆಯದು. ಆದರೆ ಪೊರೆ ತೆಗೆದ ಮೇಲೆ ಆಚ್ಚಿ ಈ ಚಿತ್ರ ನೋಡಿದರೆ?

ಮಾರ್ಚ್ 12

ಆಸ್ಪತ್ರೆಗೆ ಹೊರಡುವ ಮೊದಲು ಆಚ್ಚಿ ಕಾಡಿಗೆ ಡಬ್ಬಿ ಕೊಟ್ಟರು. ಕೊನೆಗೂ.

"ಕೈ ತೊಳ್ಕೊಂಡು ಇಡು. ಇಡುವಾಗ ನಿನ್ನ ಮಗೂನ ನೆನೆಸ್ಕೊ."

"ನಂಗೆಲ್ಲಿ ಮಗು ಆಚ್ಚಿ."

"ಅದನ್ನೇ ಮಗು ಅಂದ್ಕೊ. ರಾತ್ರಿಯೆಲ್ಲ ಮಡಿಲಲ್ಲಿ ಇಟ್ಕೊಂಡು ಬಂದ್ಯಲ್ಲ."

ಮಾರ್ಚ್ 15

ಕುಡಿ ಎಡಕ್ಕೆ ವಾಲಿದೆ.

ಮಾರ್ಚ್ 16

ಇವತ್ತು ಬಲಕ್ಕೆ. ನಿನ್ನೆಯ ಶಾಟನ್ನೂ ಇವತ್ತಿನದನ್ನೂ ಜೋಡಿಸಿದರೆ ಉಪ್ಪಿನಾಗರ ಕುಡಿದು ತೂರಾಡುತ್ತಿದೆ. ನನ್ನ ದುಪಟ್ಟಾ ಸಿಂಥೆಟಿಕ್, ಎಣ್ಣೆ ಎಳೆಯುವುದೇ ಇಲ್ಲ. ಕಾಸ್ಟ್ಯೂಮ್‌ನವರ ಹತ್ತಿರ ಹಳೆಯ ಹತ್ತಿ ಸೀರೆ ಕೇಳಿದೆ. ಯಾಕೆ ಎಂದರು. ಪೂಜೆಗೆ ಎಂದೆ. ಕೊಟ್ಟರು.

ಮಾರ್ಚ್ 19

ಸರಿಯಾಗಿ ನಿಂತಿತು. ನೆಟ್ಟಗೆ. ಮೊದಲ ಷೆಡ್ಯೂಲ್ ಮುಗಿಯಿತು. ಯಾರಿಗೂ ಹೇಳಲಾಗದ ಸಂತೋಷ, ಇದೊಂದು ಕರ್ಮ.

ಏಪ್ರಿಲ್ 12, ಶನಿವಾರ. ಉಪ್ಪಿನಾಗರ, ಇಳಿಹೊತ್ತು

ಶಾಟಿನ ನಡುವೆ ಬರೆಯುತ್ತಿದ್ದೇನೆ. ಕೈ ಉಪ್ಪು, ಪೆನ್ನು ಉಪ್ಪು.

ಆಚ್ಚಿ ಬಂದರು. ಪೊರೆ ತೆಗೆಸಿಕೊಂಡಾಗಿದೆ. ಧೂಳಿಗೆ ಹೋಗಬೇಡಿ ಎಂದು ಡಾಕ್ಟರ್ ಹೇಳಿದ್ದಾರಂತೆ, ಯಾರ ಮಾತು ಕೇಳಿದ್ದಾರೆ. ಮುಖದ ಅರ್ಧ ಮುಚ್ಚುವ ಕಪ್ಪು ಕನ್ನಡಕ. ಜೀಪಿನಿಂದ ಇಳಿದು ಮೊದಲು ನನ್ನನ್ನು ನೋಡಿದರು.

"ಏ ಇಸಕ್ಕಿ, ನಿನ್ನ ಮುಖದಲ್ಲಿ ಇಷ್ಟು ಮೊಡವೆ ಕಲೆ ಇತ್ತಾ?"

ಆಮೇಲೆ ಬಯಲ ಕಡೆ ತಿರುಗಿದರು. "ಇಷ್ಟು ಬಿಳೀ ಅಂತ ಮರ್ತೇ ಹೋಗಿತ್ತು" ಎಂದರು, ಅಷ್ಟೇ. ಬಗ್ಗಿ ಒಂದು ಹರಳು ಎತ್ತಿ ಬಾಯಿಗೆ ಹಾಕಿಕೊಂಡರು.

ಅಣ್ಣಾಚ್ಚಿ ಕುರ್ಚಿ ತರಿಸಿ ಮಾನಿಟರ್ ಎದುರು ಕೂರಿಸಿದರು. ಸಂದನರಾಜ್ ಇವತ್ತು ತನ್ನ ಲೆನ್ಸ್ ಪೆಟ್ಟಿಗೆ ತಂದಿದ್ದ. ತರಲಾ ಎಂದು ಕೇಳುವ ಕೆಲಸವೇ ಇಲ್ಲ, ತಂದೇ ಬಿಟ್ಟಿದ್ದಾನೆ, ಮುಚ್ಚಳ ತೆರೆದು ಇಟ್ಟಿದ್ದಾನೆ.

"ಈಗ ಹೇಳಮ್ಮಾ. ಈಗ ನಿಂಗೆ ಕಣ್ಣು ಕಾಣುತ್ತೆ. ಇದು ಸರಿ ಇದೆಯಾ?"

ಪಾರಿ ಉಗುರು ಕಚ್ಚುತ್ತಿದ್ದ. ಆಚ್ಚಿ ಕನ್ನಡಕ ಮೇಲೆತ್ತಿದರು. ಮಾನಿಟರ್ ನೋಡಿದರು, ಉಪ್ಪು ನೋಡಿದರು, ಮತ್ತೆ ಮಾನಿಟರ್. ಈಗ ಮೂಗು ತಾಗಿಸಲಿಲ್ಲ, ದೂರದಿಂದಲೇ. ಕೈ ಮಾಡಿ ನನ್ನನ್ನು ಕರೆದರು. ಕಿವಿ ಕೊಟ್ಟೆ.

"ಕಾಡಿಗೆ ಜಾಸ್ತಿ ಆಯ್ತಲ್ಲೇ?"

ನನಗೆ ನಗುವೋ ಅಳುವೋ ಗೊತ್ತಾಗಲಿಲ್ಲ. ಹೌದು ಎಂದು ತಲೆಯಾಡಿಸಿದೆ. ಆಚ್ಚಿ ನೆಟ್ಟಗೆ ಕೂತು ಮಗನಿಗೆ ಗಟ್ಟಿಯಾಗಿ ಹೇಳಿದರು.

"ಸರಿಯಾಗೇ ಇದೆ. ನನ್ನ ಕಣ್ಣು ಇವಳು ಹೇಗೆ ಕದ್ದಳೋ ಗೊತ್ತಿಲ್ಲ. ಜನರ ದೃಷ್ಟಿ ಸ್ವಲ್ಪ ತಾಗಿದೆ, ಅಷ್ಟೇ. ಆ ಕನ್ನಡಕ ಇಲ್ಲಿ ತಾ."

ಫಿಲ್ಟರ್ ಬಿಚ್ಚಿ ಕೊಟ್ಟೆ. ಸೆರಗಿನ ತುದಿಯಲ್ಲಿ ಒಂದೇ ಸಲ, ಅಡ್ಡಕ್ಕೆ, ಅರ್ಧ ಒರೆಸಿದರು. ಬಿಸಿಲಿಗೆ ಹಿಡಿದು ನೋಡಿದರು. ಇನ್ನೊಂದು ಚೂರು ಒರೆಸಿದರು. ಹಿಂದೆ ಸಂದನರಾಜ್ ತನ್ನ ಪೆಟ್ಟಿಗೆಯ ಮುಚ್ಚಳ ಹಾಕಿದ ಸದ್ದು ಕೇಳಿತು.

ಪಾರಿ ಕೂಗುತ್ತಿದ್ದಾನೆ. ಬೆಳಕು ಹೋಗ್ತಿದೆ ಕಣೇ, ಮೊದ್ಲು ಹೊಡಿ. ಕೂಗಲಿ. ಇವತ್ತು ಮೊದಲು ಗಾಜು ನೋಡಿ ಆಮೇಲೆ ಹೊಡೆಯುತ್ತೇನೆ.